ಕರುಳಿನಿಂದ ಹುಟ್ಟಿದ ಕ್ರಿಯಾಪದ: ಸುವಾರ್ತೆಗಳ ಒಂದು ಗ್ರೀಕ್ ಮಾತನ್ನು ಅರಿಯುವ, ಕನ್ನಡಕ್ಕೆ ತರುವ ಬಗೆ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಸ್ಪ್ಲಂಖ್ನಿಜೊಮಾಯ್’ ಎಂಬ ಕ್ರಿಯಾಪದ 12 ಕಡೆ ಬರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಐದು ಸಲ, ಮಾರ್ಕನಲ್ಲಿ ನಾಲ್ಕು, ಲೂಕನಲ್ಲಿ ಮೂರು. ಯೋಹಾನನ ಸುವಾರ್ತೆಯಲ್ಲಿ ಅದು ಇಲ್ಲ, ಪೌಲನ ಪತ್ರಗಳಲ್ಲೂ ಇಲ್ಲ. ಬಹುಮಂದಿ ಓದುವ ಹಳೆಯ ಕನ್ನಡ ಸತ್ಯವೇದದಲ್ಲಿ ಈ ಜಾಗಗಳಲ್ಲಿ ಹೆಚ್ಚಾಗಿ ಕಾಣುವುದು ‘ಕನಿಕರಪಟ್ಟು’ ಎಂಬ ಮಾತು. ಅದು ತಪ್ಪಲ್ಲ. ಆದರೆ ಗ್ರೀಕ್ ಪದದ ಬೇರು ಇರುವುದು ದೇಹದ ಒಳಗೆ, ಒಡಲಿನ ಅಂಗಗಳಲ್ಲಿ. ಕನ್ನಡದಲ್ಲೂ ನಾವು ಮರುಕವನ್ನು ಕರುಳಿನಲ್ಲಿಯೇ ಅನುಭವಿಸುತ್ತೇವೆ. ಹಾಗಾದರೆ ಕರುಳನ್ನೇ ಅನುವಾದಕ್ಕೆ ತರಬಹುದೇ? ಎಲ್ಲಿ ತರಬಹುದು, ಎಲ್ಲಿ ತರಬಾರದು?

ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಗ್ರೀಕ್ ಓದಲು ಬಾರದವರೂ ಇದನ್ನು ಮಾಡಬಹುದು. ಪ್ರಸಂಗ ಸಿದ್ಧಪಡಿಸುವವರು, ಬೈಬಲ್ ಅಧ್ಯಯನ ನಡೆಸುವವರು, ಅನುವಾದದಲ್ಲಿ ಆಸಕ್ತಿ ಇರುವವರು, ಧರ್ಮ ಯಾವುದೇ ಇರಲಿ, ಹಳೆಯ ಪಠ್ಯವೊಂದನ್ನು ನಿಧಾನವಾಗಿ ಓದುವ ಸುಖ ಬಲ್ಲವರು, ಎಲ್ಲರಿಗೂ ಇದು ಸಲ್ಲುತ್ತದೆ. ಮೊದಲ ಅಭ್ಯಾಸಕ್ಕೆ ಈ ಪದವನ್ನು ಆರಿಸಿಕೊಳ್ಳಲು ಕಾರಣವಿದೆ. ‘ಪ್ರೀತಿಸು’, ‘ನಂಬು’ ಎಂಬ ಕ್ರಿಯಾಪದಗಳು ನೂರಾರು ಸಲ ಬರುತ್ತವೆ. ಹೊಸಬರು ಅಲ್ಲಿ ದಾರಿ ತಪ್ಪುತ್ತಾರೆ. ಹನ್ನೆರಡು ಜಾಗಗಳಾದರೆ ಪ್ರತಿಯೊಂದನ್ನೂ ಕಣ್ಣಾರೆ ನೋಡಿ ಮುಗಿಸಬಹುದು.

ಮೊದಲ ಹೆಜ್ಜೆ: ಪದವನ್ನು ಅದರ ಮೂಲರೂಪದಲ್ಲಿ ಹಿಡಿಯುವುದು

ಲೂಕ 15:20ನ್ನು ತೆಗೆಯಿರಿ. ತಪ್ಪಿಹೋದ ಮಗ ಮನೆಗೆ ಮರಳುತ್ತಿದ್ದಾನೆ. ತಂದೆ ದೂರದಿಂದಲೇ ಕಾಣುತ್ತಾನೆ. ಗ್ರೀಕ್ ಪದಗಳನ್ನು ಸಾಲುಸಾಲಾಗಿ ಅರ್ಥದೊಡನೆ ತೋರಿಸುವ ಉಚಿತ ಜಾಲತಾಣಗಳಿವೆ. ಬೈಬಲ್ ಹಬ್, ಬ್ಲೂ ಲೆಟರ್ ಬೈಬಲ್, ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿದ ಸ್ಟೆಪ್ ಬೈಬಲ್, ಇವುಗಳಲ್ಲಿ ಯಾವುದಾದರೂ ಸಾಕು. ಪದದ ಮೇಲೆ ಒತ್ತಿದರೆ ಮೂರು ಸಂಗತಿಗಳು ಸಿಗುತ್ತವೆ: ಪಠ್ಯದಲ್ಲಿರುವ ರೂಪ ‘ಎಸ್ಪ್ಲಂಖ್ನಿಸ್ಥೇ’, ನಿಘಂಟಿನ ರೂಪ ‘ಸ್ಪ್ಲಂಖ್ನಿಜೊಮಾಯ್’, ಮತ್ತು 4697 ಎಂಬ ಸಂಖ್ಯೆ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಾನುಕ್ರಮಣಿಕೆಯಲ್ಲಿ ಪ್ರತಿ ಗ್ರೀಕ್ ಪದಕ್ಕೂ ಕೊಟ್ಟ ಅಂಕೆಗಳನ್ನೇ ಇಂದಿಗೂ ಇಂಥ ತಾಣಗಳು ಬಳಸುತ್ತವೆ. ಆ ಅಂಕೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟವೆಲ್ಲ ಅದರ ಮೇಲೆ ನಿಂತಿದೆ.

ಕನ್ನಡ ನಿಘಂಟಿನಲ್ಲಿ ನಾವು ‘ಓಡು’, ‘ಮರುಗು’ ಎಂದು ಧಾತುವನ್ನು ಹುಡುಕುತ್ತೇವೆ. ಗ್ರೀಕ್ ನಿಘಂಟು ಕ್ರಿಯಾಪದವನ್ನು ‘ನಾನು ಮಾಡುತ್ತೇನೆ’ ಎಂಬ ಉತ್ತಮಪುರುಷ ವರ್ತಮಾನದಲ್ಲಿ ಕೊಡುತ್ತದೆ. ಕೊನೆಯಲ್ಲಿರುವ ‘-ಒಮಾಯ್’ ಎಂಬುದನ್ನು ಗಮನಿಸಿ. ಸಾಧಾರಣ ಗ್ರೀಕ್ ಕ್ರಿಯಾಪದ ‘-ಓ’ ಎಂದು ಮುಗಿಯುತ್ತದೆ. ‘-ಒಮಾಯ್’ ಎಂದು ಮುಗಿದರೆ ಕ್ರಿಯೆ ಕರ್ತೃವಿನ ಮೇಲೆಯೇ ನಡೆಯುತ್ತಿದೆ, ಅವನನ್ನೇ ಮುಟ್ಟುತ್ತಿದೆ ಎಂಬ ಸೂಚನೆ ಅದರಲ್ಲಿರಬಹುದು. ಪಠ್ಯದ ‘-ಸ್ಥೇ’ ರೂಪವನ್ನು ತಾಣಗಳು ‘ಕರ್ಮಣಿ’ ಎಂದು ಗುರುತಿಸುತ್ತವೆ. ಅದನ್ನು ನೋಡಿ ‘ಯಾರಿಂದಲೋ ಕನಿಕರಕ್ಕೆ ಒಳಪಡಿಸಲ್ಪಟ್ಟನು’ ಎಂದು ಬರೆಯಲು ಹೋಗಬೇಡಿ. ಹೊರಗಿನ ಕರ್ತೃ ಇಲ್ಲಿ ಯಾರೂ ಇಲ್ಲ. ಭಾವನೆ ಒಳಗೆ ಎದ್ದಿತು, ಅವನನ್ನು ಹಿಡಿಯಿತು, ಅಷ್ಟೇ.

ಕನ್ನಡಕ್ಕೆ ಇದು ಪರಿಚಿತ ನೆಲ. ನಮ್ಮ ‘ಪಡು’ ಎರಡೂ ಕೆಲಸ ಮಾಡುತ್ತದೆ. ‘ಮಾಡಲ್ಪಡು’ ಎಂದರೆ ಕರ್ಮಣಿ. ‘ಸಂತೋಷಪಡು’, ‘ದುಃಖಪಡು’ ಎಂದರೆ ಅನುಭವ. ಗ್ರೀಕಿನ ‘-ಸ್ಥೇ’ ರೂಪವೂ ಹೀಗೆಯೇ ಎರಡು ದಡಗಳನ್ನು ಮುಟ್ಟುತ್ತದೆ. ‘ಕನಿಕರಪಟ್ಟನು’ ಎಂದು ಬರೆದ ಹಳೆಯ ಅನುವಾದಕರ ಕಿವಿ ಚೆನ್ನಾಗಿತ್ತು ಎನ್ನಲು ಇದೇ ಸಾಕ್ಷಿ. ವ್ಯಾಕರಣದ ಮಟ್ಟಿಗೆ ಅದಕ್ಕಿಂತ ಹತ್ತಿರದ ರೂಪ ಕನ್ನಡದಲ್ಲಿ ಸಿಗುವುದು ಕಷ್ಟ.

ಎರಡನೆಯ ಹೆಜ್ಜೆ: ಹನ್ನೆರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು

ನಿಘಂಟನ್ನು ಈಗಲೇ ತೆರೆಯಬೇಡಿ. ಇದು ನನ್ನ ಬಲವಾದ ಅಭಿಪ್ರಾಯ. ನಿಘಂಟನ್ನು ಮೊದಲು ನೋಡಿದವರು ಅದರಲ್ಲಿರುವ ಅರ್ಥವನ್ನೇ ಎಲ್ಲ ವಾಕ್ಯಗಳಲ್ಲಿ ಕಾಣುತ್ತಾರೆ. ಮೊದಲು ವಾಕ್ಯಗಳು ಮಾತನಾಡಲಿ.

ಹಾಳೆಯಲ್ಲಿ ನಾಲ್ಕು ಕಂಬಸಾಲು ಹಾಕಿ: ಯಾರಿಗೆ ಈ ಭಾವನೆ ಬಂತು, ಅದಕ್ಕೆ ಮೊದಲು ಏನಾಯಿತು, ಯಾರನ್ನು ಕುರಿತು ಬಂತು, ಆಮೇಲೆ ಏನು ಮಾಡಿದರು. ವಚನಗಳು ಇವು: ಮತ್ತಾಯ 9:36, 14:14, 15:32, 18:27, 20:34, ಮಾರ್ಕ 1:41, 6:34, 8:2, 9:22, ಲೂಕ 7:13, 10:33, 15:20.

ತುಂಬುತ್ತಾ ಹೋದಂತೆ ಚಿತ್ರ ಮೂಡುತ್ತದೆ. ಒಂಬತ್ತು ಕಡೆ ಮಾತು ಯೇಸುವನ್ನು ಕುರಿತದ್ದು. ಉಳಿದ ಮೂರೂ ಯೇಸು ಹೇಳಿದ ಸಾಮ್ಯಗಳ (ದೃಷ್ಟಾಂತ ಕತೆಗಳ) ಒಳಗಿನ ವ್ಯಕ್ತಿಗಳನ್ನು ಕುರಿತವು: ಸಾಲ ಮನ್ನಾ ಮಾಡಿದ ಅರಸ, ಗಾಯಗೊಂಡವನನ್ನು ಎತ್ತಿಕೊಂಡ ಸಮಾರ್ಯದವನು, ಮಗನನ್ನು ಅಪ್ಪಿಕೊಂಡ ತಂದೆ. ಶಿಷ್ಯರಿಗೆ ಈ ಭಾವನೆ ಬಂತೆಂದು ಒಂದು ಕಡೆಯೂ ಹೇಳಿಲ್ಲ. ಸುವಾರ್ತೆ ಬರೆದವರು ಈ ಪದವನ್ನು ಎಷ್ಟು ಜತನದಿಂದ ಇಟ್ಟುಕೊಂಡಿದ್ದರು ಎಂಬುದು ಇಲ್ಲಿಯೇ ತಿಳಿಯುತ್ತದೆ.

ಕೊನೆಯ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿ. ರೋಗಿಗಳನ್ನು ಗುಣಪಡಿಸಿದನು. ಮೂರು ದಿನ ಊಟವಿಲ್ಲದವರಿಗೆ ಉಣಬಡಿಸಿದನು. ಕುರುಡರ ಕಣ್ಣು ಮುಟ್ಟಿದನು. ಕುಷ್ಠರೋಗಿಯನ್ನು ಮುಟ್ಟಿದನು. ಸಾಲ ಬಿಟ್ಟುಕೊಟ್ಟನು. ಗಾಯ ಕಟ್ಟಿದನು. ಓಡಿದನು. ಮಾರ್ಕ 6:34ರಲ್ಲಿ ಮಾತ್ರ ‘ಅನೇಕ ಸಂಗತಿಗಳನ್ನು ಬೋಧಿಸತೊಡಗಿದನು’ ಎಂದಿದೆ. ಊಟ ಆಮೇಲೆ ಬರುತ್ತದೆ. ಮಾರ್ಕ 9:22ರಲ್ಲಿ ಇದು ತಂದೆಯೊಬ್ಬನ ಮೊರೆ, ಮಗನ ವಾಸಿ ಮುಂದಿನ ವಚನಗಳಲ್ಲಿದೆ. ಒಟ್ಟಿನಲ್ಲಿ ಈ ಭಾವನೆ ಎದ್ದ ಮೇಲೆ ಯಾರೂ ಕೈಕಟ್ಟಿ ನಿಂತಿಲ್ಲ. ಪದದ ಅರ್ಥದಲ್ಲಿಯೇ ‘ಕ್ರಿಯೆಗೆ ಇಳಿ’ ಎಂಬುದು ಸೇರಿದೆ ಎಂದು ಕೆಲವರು ಪ್ರಸಂಗದಲ್ಲಿ ಹೇಳುತ್ತಾರೆ. ಅಷ್ಟು ದೂರ ಹೋಗಬೇಡಿ. ಕ್ರಿಯೆಯನ್ನು ಹೇಳುವುದು ಮುಂದಿನ ಕ್ರಿಯಾಪದಗಳು. ಈ ಪದ ಭಾವನೆಯನ್ನು ಹೇಳುತ್ತದೆ. ಕತೆ ಅದನ್ನು ಕೈಗೆ ತರುತ್ತದೆ.

ಎರಡನೆಯ ಕಂಬಸಾಲು ಇನ್ನೂ ಸೊಗಸಾದದ್ದು. ಮತ್ತಾಯ 9:36, 14:14, ಮಾರ್ಕ 6:34, ಲೂಕನ ಮೂರೂ ಜಾಗಗಳು, ಹೀಗೆ ಆರು ಕಡೆ ಈ ಪದಕ್ಕೆ ಸ್ವಲ್ಪ ಮೊದಲೇ ‘ನೋಡು’ ಎಂಬ ಕ್ರಿಯಾಪದವಿದೆ. ಗುಂಪನ್ನು ನೋಡಿ, ವಿಧವೆಯನ್ನು ನೋಡಿ, ಮಗನನ್ನು ಕಂಡು. ಈ ಆರು ಕಡೆಗಳಲ್ಲೂ ಗ್ರೀಕ್ ರೂಪ ‘ಎಸ್ಪ್ಲಂಖ್ನಿಸ್ಥೇ’ ಎಂಬ ಪೂರ್ಣಕ್ರಿಯೆಯೇ (‘ಮರುಗಿದನು’ ಎಂಬಂತೆ). ಬೇರೆಲ್ಲಿಯೂ ಆ ರೂಪವಿಲ್ಲ. ಉಳಿದ ಆರರಲ್ಲಿ ನಾಲ್ಕು ‘ಸ್ಪ್ಲಂಖ್ನಿಸ್ಥೆಯ್ಸ್’ ಎಂಬ ಕೃದಂತ (‘ಮರುಗಿ’ ಎಂಬಂತೆ). ಎರಡು ಯೇಸುವಿನ ಸ್ವಂತ ಬಾಯಿಂದ ಬಂದ ವರ್ತಮಾನ ರೂಪ. ಈ ಲೆಕ್ಕವನ್ನು ಹಾಳೆಯ ಅಂಚಿನಲ್ಲಿ ಬರೆದಿಡಿ. ಅನುವಾದಕ್ಕೆ ಕುಳಿತಾಗ ಇದು ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಪದದ ಪೂರ್ವಚರಿತ್ರೆ, ಮಿತಿಯೊಳಗೆ

ಈಗ ನಿಘಂಟು. ಹಳೆಯ ಗ್ರೀಕಿಗೆ ಲಿಡಲ್ ಮತ್ತು ಸ್ಕಾಟ್ ನಿಘಂಟು ಪರ್ಸಿಯಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಈ ಕ್ರಿಯಾಪದ ‘ಸ್ಪ್ಲಂಖ್ನ’ ಎಂಬ ಬಹುವಚನ ನಾಮಪದದಿಂದ ಹುಟ್ಟಿತು. ‘ಸ್ಪ್ಲಂಖ್ನ’ ಎಂದರೆ ಒಳಅಂಗಗಳು: ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ. ಜೀರ್ಣಾಂಗದ ಕರುಳಿಗೆ ಗ್ರೀಕರು ಸಾಮಾನ್ಯವಾಗಿ ‘ಎಂಟೆರ’ ಎಂಬ ಬೇರೆ ಪದ ಬಳಸುತ್ತಿದ್ದರು. ‘ಸ್ಪ್ಲಂಖ್ನ ಎಂದರೆ ಕರುಳು’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಇದನ್ನು ನೆನಪಿಡಬೇಕು. ಬಲಿಯ ಹಬ್ಬದಲ್ಲಿ ಪ್ರಾಣಿಯ ಈ ಒಳಅಂಗಗಳನ್ನೇ ಮೊದಲು ಸುಟ್ಟು ತಿನ್ನುತ್ತಿದ್ದರು. ಹೋಮರನ ಇಲಿಯಡ್‌ನ ಮೊದಲ ಸರ್ಗದಲ್ಲಿಯೇ ಆ ವರ್ಣನೆಯಿದೆ. ಗ್ರೀಕಿನಲ್ಲಿ ಬರೆದ ಯಹೂದಿ ಕೃತಿಯಾದ ಎರಡನೆಯ ಮಕ್ಕಾಬಿಯರ ಪುಸ್ತಕದ 6:8ರಲ್ಲಿ ನಮ್ಮ ಕ್ರಿಯಾಪದದ ಕರ್ತರಿ ರೂಪ ಬರುತ್ತದೆ. ಅಲ್ಲಿ ಅದರ ಅರ್ಥ ಬಲಿಯ ಒಳಅಂಗಗಳನ್ನು ತಿನ್ನುವುದು. ಮರುಕದ ಸುಳಿವೂ ಇಲ್ಲ!

ನಾಟಕಕಾರರ ಬಾಯಲ್ಲಿ ಈ ನಾಮಪದ ಭಾವನೆಯ ತಾಣವಾಯಿತು. ಮರುಕ ಮಾತ್ರ ಅಲ್ಲ, ಕೋಪವೂ ಅಲ್ಲಿಯೇ ಕುದಿಯುತ್ತಿತ್ತು. ಮಕ್ಕಳನ್ನು ಸೂಚಿಸಲೂ ಅದು ಒದಗಿತು. ಸೊಫೊಕ್ಲಿಸನ ಆಂಟಿಗೊನೆಯಲ್ಲಿ ಕುರುಡ ಪ್ರವಾದಿ ಟೈರೀಸಿಯಸ್ ರಾಜ ಕ್ರಿಯೊನನಿಗೆ, ನಿನ್ನದೇ ಸ್ಪ್ಲಂಖ್ನದಿಂದ ಬಂದ ಒಬ್ಬನನ್ನು ಶವವಾಗಿ ಕೊಡಬೇಕಾಗುತ್ತದೆ ಎನ್ನುತ್ತಾನೆ. ಮಗನೆಂದು ಬೇರೆ ಹೇಳಬೇಕಾಗಿಲ್ಲ. ‘ಕರುಳ ಕುಡಿ’ ಎನ್ನುವ ಕನ್ನಡಿಗರಿಗೆ ಟಿಪ್ಪಣಿ ಬೇಡ.

ಯಹೂದಿ ಬರಹಗಳ ಕಡೆ ತಿರುಗಿದರೆ ಹೀಬ್ರೂವಿನ ‘ರಹಮೀಮ್’ ಎಂಬ ಪದ ಎದುರಾಗುತ್ತದೆ. ಅದರ ಅರ್ಥ ಕರುಣೆ. ‘ರೆಹೆಮ್’ ಎಂದರೆ ಗರ್ಭ. ಜ್ಞಾನೋಕ್ತಿ 12:10ರ ಗ್ರೀಕ್ ಅನುವಾದದಲ್ಲಿ ರಹಮೀಮ್‌ಗೆ ಎದುರಾಗಿ ಸ್ಪ್ಲಂಖ್ನ ಎಂದೇ ಇದೆ. ಜ್ಞಾನೋಕ್ತಿ 17:5ರಲ್ಲಿ ಗ್ರೀಕ್ ಅನುವಾದಕರು, ಮರುಗುವವನಿಗೆ ಮರುಕ ದೊರೆಯುತ್ತದೆ ಎಂಬರ್ಥದ ಒಂದು ಸಾಲನ್ನು ಹೆಚ್ಚಾಗಿ ಸೇರಿಸಿ ನಮ್ಮ ಪದದ ಸಮೀಪದ ಬಂಧುವನ್ನೇ ಬಳಸಿದ್ದಾರೆ. ಕನ್ನಡ ಹಳೆಯ ಒಡಂಬಡಿಕೆ ಹೀಬ್ರೂ ಪಠ್ಯವನ್ನು ಅನುಸರಿಸುವುದರಿಂದ ಆ ಸಾಲನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುವಾರ್ತೆಗಳ ಸಿರಿಯಾಕ್ ಅನುವಾದವಾದ ಪೆಶಿತ್ತ ಈ ಕ್ರಿಯಾಪದವನ್ನು ‘ಎತ್ರಹಮ್’ ಎಂದಿತು, ಅದೇ ರ-ಹ-ಮ ಮೂಲದಿಂದ. ಒಡಲೇ ಮರುಕದ ಮನೆ ಎಂಬ ನಂಬಿಕೆ ಆ ಭಾಷೆಗಳ ನೆರೆಹೊರೆಯಲ್ಲಿ ಹರಡಿತ್ತು.

ಇಲ್ಲಿ ಎಚ್ಚರಿಕೆಯ ಮಾತು. ಪದ ಹುಟ್ಟಿದ ಜಾಗ ಬೇರೆ, ಬದುಕುತ್ತಿರುವ ಜಾಗ ಬೇರೆ. ನಾವು ‘ಹೊಟ್ಟೆಕಿಚ್ಚು’ ಎಂದಾಗ ಕೇಳುವವರು ಹೊಟ್ಟೆಯನ್ನೂ ನೆನೆಯುವುದಿಲ್ಲ, ಕಿಚ್ಚನ್ನೂ ನೆನೆಯುವುದಿಲ್ಲ. ಅಸೂಯೆ ಎಂದು ತಿಳಿಯುತ್ತಾರೆ. ಕನ್ನಡ ಕಲಿಯುವ ಪರದೇಶದವನೊಬ್ಬ ಅದನ್ನು ‘ಜಠರದಲ್ಲಿ ಬೆಂಕಿ ಹತ್ತಿಕೊಂಡಿತು’ ಎಂದು ಅನುವಾದಿಸಿದರೆ ನಾವು ಒಪ್ಪುವೆವೇ? ಯೇಸುವಿನ ‘ಕರುಳುಗಳು ತಿರುಚಿಕೊಂಡವು’ ಎಂದು ಕೆಲವು ಪ್ರಸಂಗಗಳಲ್ಲಿ ಕೇಳುವ ವಿವರಣೆ ಇದೇ ಜಾತಿಯದು. ಆದರೂ ಒಂದು ವ್ಯತ್ಯಾಸವಿದೆ. ಸುವಾರ್ತೆಗಳ ಕಾಲದಲ್ಲಿ ಸ್ಪ್ಲಂಖ್ನ ಎಂಬ ನಾಮಪದ ದೇಹದ ಅರ್ಥದಲ್ಲಿ ಇನ್ನೂ ಜೀವಂತವಾಗಿತ್ತು. ಲೂಕನೇ ಅಪೊಸ್ತಲರ ಕೃತ್ಯಗಳು 1:18ರಲ್ಲಿ ಯೂದನ ಸಾವನ್ನು ವರ್ಣಿಸುವಾಗ ಅವನ ಸ್ಪ್ಲಂಖ್ನಗಳೆಲ್ಲ ಹೊರಬಿದ್ದವು ಎಂದು ಬರೆಯುತ್ತಾನೆ. ಹಾಗಾಗಿ ಕ್ರಿಯಾಪದದಲ್ಲಿ ದೇಹದ ಪ್ರತಿಧ್ವನಿ ಪೂರ್ತಿ ಆರಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ಪ್ರತಿಧ್ವನಿಯನ್ನು ಉಳಿಸಿಕೊಳ್ಳಿ, ಅಂಗರಚನೆಯನ್ನು ವಿವರಿಸಬೇಡಿ.

ನಾಲ್ಕನೆಯ ಹೆಜ್ಜೆ: ಪಕ್ಕದ ಪದಗಳೊಡನೆ ಹೋಲಿಸುವುದು

ಗ್ರೀಕಿನಲ್ಲಿ ಮರುಕಕ್ಕೆ ಇನ್ನೂ ಪದಗಳಿವೆ. ‘ಎಲೆಎಓ’ ಎಲ್ಲಕ್ಕಿಂತ ಹೆಚ್ಚು ಬಳಕೆಯದು: ಕರುಣಿಸು, ದಯೆ ತೋರು. ‘ಒಯ್ಕ್ತೀರೊ’ ರೋಮಾಪುರದವರಿಗೆ 9:15ರಲ್ಲಿ ಮಾತ್ರ ಕಾಣುತ್ತದೆ. ‘ಸುಂಪಥೆಓ’ ಇಬ್ರಿಯರಿಗೆ ಬರೆದ ಪತ್ರದಲ್ಲಿ ಎರಡು ಸಲ ಬರುತ್ತದೆ. ಜೊತೆಯಾಗಿ ನೋಯುವುದು ಅದರ ಅರ್ಥ. ಎಲ್ಲದಕ್ಕೂ ‘ಕನಿಕರ’ ಎಂದೇ ಬರೆದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಮತ್ತಾಯ 20ರಲ್ಲಿ ಯೆರಿಕೋವಿನ ಬಳಿ ಕುಳಿತ ಇಬ್ಬರು ಕುರುಡರು ಕೂಗುವುದು ‘ಎಲೆಎಸೊನ್’ ಎಂದು, ಅಂದರೆ ಕರುಣಿಸು. ಅವರು ಕೇಳಿದ್ದು ಕರುಣೆಯ ಕಾರ್ಯ. ಆದರೆ ವಚನ 34ರಲ್ಲಿ ಯೇಸುವಿಗೆ ಆದದ್ದು ‘ಸ್ಪ್ಲಂಖ್ನಿಸ್ಥೆಯ್ಸ್’. ಮತ್ತಾಯ 18ರಲ್ಲಿ ಹತ್ತು ಸಾವಿರ ತಲಾಂತಿನ ಸಾಲಗಾರನನ್ನು ಕಂಡು ಅರಸನಿಗೆ ಆದದ್ದು ನಮ್ಮ ಕ್ರಿಯಾಪದ. ಆಮೇಲೆ ಅದೇ ಅರಸ, ನಾನು ನಿನ್ನನ್ನು ಕರುಣಿಸಿದಂತೆ ನೀನೂ ಕರುಣಿಸಬೇಕಾಗಿತ್ತಲ್ಲವೇ ಎಂದು ಕೇಳುವಾಗ ‘ಎಲೆಎಓ’ ಬಳಸುತ್ತಾನೆ. ಲೂಕ 10ರಲ್ಲಿ ಸಮಾರ್ಯದವನಿಗೆ ಆದದ್ದು ‘ಎಸ್ಪ್ಲಂಖ್ನಿಸ್ಥೇ’. ಕತೆ ಮುಗಿದ ಮೇಲೆ ಧರ್ಮಶಾಸ್ತ್ರಿ ಅದನ್ನು ‘ಕರುಣೆ ಮಾಡಿದವನು’ ಎಂದು ‘ಎಲೆಒಸ್’ ಪದದಿಂದ ಹೇಳುತ್ತಾನೆ. ಮಾಡಬೇಕೆಂದು ಆಜ್ಞಾಪಿಸಬಹುದಾದದ್ದು ಎಲೆಒಸ್. ಒಳಗಿನಿಂದ ತಾನಾಗಿ ಏಳುವುದು ಸ್ಪ್ಲಂಖ್ನಿಜೊಮಾಯ್. ಗೆರೆ ಅಷ್ಟು ಗಟ್ಟಿಯೇನಲ್ಲ; ಮಾರ್ಕ 9:22ರ ತಂದೆ ಈ ಪದವನ್ನೇ ಹಿಡಿದು ಬೇಡಿಕೊಳ್ಳುತ್ತಾನೆ. ಆದರೂ ಅನುವಾದದಲ್ಲಿ ಎರಡಕ್ಕೆ ಎರಡು ಮಾತು ಇಡುವುದು ನ್ಯಾಯ. ನನ್ನ ಹಂಚಿಕೆ ಇದು: ಎಲೆಎಓಗೆ ‘ಕರುಣಿಸು’, ಎಲೆಒಸ್‌ಗೆ ‘ಕರುಣೆ’, ನಮ್ಮ ಪದಕ್ಕೆ ಬೇರೊಂದು.

ಐದನೆಯ ಹೆಜ್ಜೆ: ಹಸ್ತಪ್ರತಿಗಳು ಬೇರೆ ಹೇಳಿದಾಗ

ಮಾರ್ಕ 1:41ರಲ್ಲಿ ನಿಲ್ಲಬೇಕು. ಕುಷ್ಠರೋಗಿ ಮೊಣಕಾಲೂರಿದ್ದಾನೆ, ಯೇಸು ಕೈಚಾಚಿ ಮುಟ್ಟುತ್ತಾನೆ. ಸಿನಾಯ್ಟಿಕಸ್, ವ್ಯಾಟಿಕಾನಸ್ ಎಂಬ 4ನೇ ಶತಮಾನದ ಹಸ್ತಪ್ರತಿಗಳಲ್ಲಿ ‘ಸ್ಪ್ಲಂಖ್ನಿಸ್ಥೆಯ್ಸ್’ ಎಂದಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಬೇಜಾ ಹಸ್ತಪ್ರತಿ ಮತ್ತು ಕೆಲವು ಹಳೆಯ ಲ್ಯಾಟಿನ್ ಪ್ರತಿಗಳು ಅದೇ ಜಾಗದಲ್ಲಿ ‘ಓರ್ಗಿಸ್ಥೆಯ್ಸ್’, ಅಂದರೆ ‘ಕೋಪಗೊಂಡು’ ಎನ್ನುತ್ತವೆ.

ಕೋಪವನ್ನು ಕರುಣೆಯಾಗಿ ತಿದ್ದಿದ ನಕಲುಗಾರನನ್ನು ಊಹಿಸುವುದು ಸುಲಭ. ಕರುಣೆಯನ್ನು ಕೋಪವಾಗಿ ಬದಲಿಸುವವರು ಯಾರು? ಈ ತರ್ಕದ ಮೇಲೆ ಕೆಲವು ವಿದ್ವಾಂಸರು ‘ಕೋಪಗೊಂಡು’ ಎಂಬುದೇ ಮೂಲ ಎನ್ನುತ್ತಾರೆ. ಬೈಬಲ್ ವಿದ್ವಾಂಸರ ಸಂಘವಾದ ಎಸ್‌ಬಿಎಲ್‌ನ 2010ರ ಗ್ರೀಕ್ ಹೊಸ ಒಡಂಬಡಿಕೆ ಅದನ್ನೇ ಅಚ್ಚಿಸಿತು. ಇಂಗ್ಲಿಷಿನ ಎನ್‌ಐವಿ ಬೈಬಲ್ ಅನುವಾದ 2011ರ ಪರಿಷ್ಕರಣೆಯಲ್ಲಿ ಅದನ್ನೇ ಅನುಸರಿಸಿತು. ಮತ್ತಾಯ, ಲೂಕ ಇದೇ ಘಟನೆಯನ್ನು ಹೇಳುವಾಗ ಎರಡೂ ಪದಗಳನ್ನು ಬಿಟ್ಟಿದ್ದಾರೆ. ಅದೂ ಆ ವಾದಕ್ಕೆ ಬಲ ಕೊಡುತ್ತದೆ. ಇನ್ನೊಂದು ಕಡೆ, ಬಹುಪಾಲು ಹಸ್ತಪ್ರತಿಗಳು ಕರುಣೆಯ ಪರವಾಗಿವೆ. ವಿದ್ವಾಂಸರು ಹೆಚ್ಚಾಗಿ ಬಳಸುವ ಗ್ರೀಕ್ ಪಠ್ಯವಾದ ನೆಸ್ಲೆ-ಆಲಂಡ್‌ನ 28ನೇ ಆವೃತ್ತಿಯೂ ಅದನ್ನೇ ಇಟ್ಟುಕೊಂಡಿದೆ. ಅರಮಾಯಿಕ್ ಕುಲದ ಭಾಷೆಯಲ್ಲಿ ‘ಎತ್ರಹಮ್’ (ಮರುಗಿದನು), ‘ಎತ್ರಎಮ್’ (ಕೆರಳಿದನು) ಎಂಬ ಎರಡು ಪದಗಳ ಧ್ವನಿ ಹತ್ತಿರವಿರುವುದರಿಂದ ಗೊಂದಲವಾಗಿರಬಹುದು ಎಂಬ ಊಹೆಯೂ ಇದೆ.

ಅಧ್ಯಯನ ನಡೆಸುವವರಿಗೆ ನನ್ನ ಸಲಹೆ: ಈ ವಚನವನ್ನು ಮುಚ್ಚಿಡಬೇಡಿ. ಪಠ್ಯದಲ್ಲಿ ಕರುಣೆಯನ್ನಿಟ್ಟು, ಅಡಿಟಿಪ್ಪಣಿಯಲ್ಲಿ ‘ಕೆಲವು ಪ್ರತಿಗಳಲ್ಲಿ: ಕೋಪಗೊಂಡು’ ಎಂದು ಬರೆಯಿರಿ. ಪದದ ಅರ್ಥವನ್ನು ಕಟ್ಟುವಾಗ ಮಾತ್ರ ಈ ಒಂದು ಜಾಗದ ಮೇಲೆ ಭಾರ ಹಾಕಬೇಡಿ. ಹನ್ನೊಂದು ಗಟ್ಟಿ ಸಾಕ್ಷಿಗಳಿವೆ.

ಆರನೆಯ ಹೆಜ್ಜೆ: ಕನ್ನಡ ಮಾತುಗಳನ್ನು ಒರೆಗೆ ಹಚ್ಚುವುದು

ಬಾಯಿಗೆ ಬರುವ ಎಲ್ಲ ಮಾತುಗಳನ್ನೂ ಮೊದಲು ಬರೆದುಕೊಳ್ಳಿ. ಕನಿಕರಪಡು, ಮರುಗು, ಮನ ಕರಗು, ದಯೆ ತೋರು, ಅಯ್ಯೋ ಎನಿಸು, ಎದೆ ಕರಗು, ಕರುಳು ಮಿಡಿ, ಕರುಳು ಚುರುಕ್ಕೆನ್ನು, ಹೊಟ್ಟೆಯಲ್ಲಿ ಸಂಕಟವಾಗು. ಆಮೇಲೆ ಪ್ರತಿಯೊಂದನ್ನೂ ಹನ್ನೆರಡು ವಚನಗಳಲ್ಲಿ ಕೂರಿಸಿ ಗಟ್ಟಿಯಾಗಿ ಓದಿ.

‘ದಯೆ ತೋರು’ ಬೇಗ ಬಿದ್ದುಹೋಗುತ್ತದೆ. ತೋರುವುದು ಹೊರಗಿನ ಕೆಲಸ. ಇಲ್ಲಿ ಒಳಗಿನದು ಬೇಕು. ‘ಕನಿಕರ’ಕ್ಕೆ ಇಂದಿನ ಕನ್ನಡದಲ್ಲಿ ಮೇಲಿನಿಂದ ಕೆಳಗೆ ನೋಡುವ ಛಾಯೆ ಸ್ವಲ್ಪ ಹತ್ತಿದೆ. ‘ನಿಮ್ಮ ಕನಿಕರ ನನಗೆ ಬೇಡ’ ಎಂದು ಸ್ವಾಭಿಮಾನಿಗಳು ಹೇಳುವುದುಂಟು. ಅರಸ ಮತ್ತು ಸಾಲಗಾರನ ಕತೆಗೆ ಅದು ಒಗ್ಗುತ್ತದೆ, ತಂದೆ ಮತ್ತು ಮಗನ ಕತೆಯಲ್ಲಿ ತಣ್ಣಗೆ ಕೇಳಿಸುತ್ತದೆ. ಮಗನನ್ನು ಕಂಡು ಯಾವ ತಂದೆ ಕನಿಕರಪಡುತ್ತಾನೆ? ‘ಮರುಗು’ ಒಳ್ಳೆಯ ಪದ, ಹಳೆಯದು, ಎಲ್ಲರಿಗೂ ತಿಳಿಯುತ್ತದೆ. ಆದರೆ ಅದರಲ್ಲಿ ದುಃಖದ ಪಾಲು ಹೆಚ್ಚು, ಓಡುವ ಉದ್ವೇಗ ಕಡಿಮೆ.

‘ಹೊಟ್ಟೆಯಲ್ಲಿ ಸಂಕಟವಾಗು’ ದೇಹಕ್ಕೆ ಹತ್ತಿರ, ಮಾತೂ ಸಹಜ. ಮತ್ತಾಯ 15:32ರಲ್ಲಿ ಇಟ್ಟು ನೋಡಿ: ಮೂರು ದಿನದಿಂದ ಹಸಿದವರ ನಡುವೆ ನಿಂತು ‘ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ’ ಎಂದರೆ ಕೇಳುವವರು ಹೇಳಿದವನಿಗೂ ಹಸಿವಾಯಿತೆಂದು ತಿಳಿದಾರು. ಒಂದು ವಚನದಲ್ಲಿ ಚೆಂದವಾಗಿ ಕಂಡ ಮಾತು ಇನ್ನೊಂದರಲ್ಲಿ ಮುರಿಯುತ್ತದೆ. ಅದಕ್ಕಾಗಿಯೇ ಹನ್ನೆರಡರಲ್ಲೂ ಪರೀಕ್ಷಿಸಬೇಕು.

ಉಳಿಯುವುದು ‘ಕರುಳು’. ಅದರ ದೊಡ್ಡ ಬಲವೇ ಅದರ ಅಪಾಯ ಕೂಡ. ಹೆತ್ತ ಕರುಳು, ಕರುಳ ಬಳ್ಳಿ, ಕರುಳ ಕುಡಿ ಎಂದು ಕನ್ನಡದ ಕರುಳು ರಕ್ತಸಂಬಂಧಕ್ಕೆ ಅಂಟಿಕೊಂಡಿದೆ. ಸುವಾರ್ತೆಯ ಗ್ರೀಕ್ ಕ್ರಿಯಾಪದಕ್ಕೆ ಆ ನಂಟು ಕಡ್ಡಾಯವಲ್ಲ. ಅಪರಿಚಿತರ ಗುಂಪಿನ ಮೇಲೂ ಅದು ಹರಿಯುತ್ತದೆ. ಆದ್ದರಿಂದ ಕರುಳು ಎಂದು ಬರೆದಾಗ ಮೂಲದಲ್ಲಿಲ್ಲದ ಬಂಧುತ್ವವನ್ನು ನಾವು ಸೇರಿಸುತ್ತಿದ್ದೇವೆ ಎಂಬ ಅರಿವಿರಬೇಕು. ಅದು ತಿಳಿದೂ ನಾನು ಲೂಕನ ಮೂರು ಕಡೆಗಳಲ್ಲಿ ಕರುಳನ್ನೇ ಆರಿಸುತ್ತೇನೆ. ನಾಯಿನೆಂಬ ಊರಿನ ವಿಧವೆ ಒಬ್ಬನೇ ಮಗನನ್ನು ಹೂಳಲು ಹೊರಟಿದ್ದಾಳೆ. ಆ ತಾಯಿಯನ್ನು ನೋಡಿದವನಿಗೆ ಕರುಳಲ್ಲದೆ ಇನ್ನೇನು ಮಿಡಿಯಬೇಕು? ತಂದೆ ಮಗನ ಕತೆಗೆ ವಿವರಣೆಯೇ ಬೇಡ. ಸಮಾರ್ಯದವನ ಕತೆಯಲ್ಲಂತೂ ಕರುಳಿನ ಬಂಧುತ್ವವೇ ಕತೆಯ ತಿರುಳನ್ನು ಎತ್ತಿ ಹಿಡಿಯುತ್ತದೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆಯಿರಲಿಲ್ಲ. ಸ್ವಂತ ಜನರಾದ ಯಾಜಕ, ದೇವಾಲಯದ ಸೇವಕನಾದ ಲೇವಿಯ, ಇಬ್ಬರೂ ಗಾಯಗೊಂಡವನನ್ನು ದಾಟಿ ಹೋದರು. ಹೊರಗಿನವನ ಕರುಳು ಮಿಡಿಯಿತು.

ಮತ್ತಾಯ 18ರ ಅರಸನಿಗೆ ನಾನು ‘ಮನಕರಗಿ’ ಎನ್ನುತ್ತೇನೆ. ಹನ್ನೆರಡಕ್ಕೂ ಒಂದೇ ಪದ ಇರಬೇಕೆಂಬ ಹಟ ನನಗಿಲ್ಲ. ಆದರೆ ಬೇರೆ ಮಾತು ಬಳಸಿದ ಕಡೆಗಳಲ್ಲಿ ಅಂಚಿನ ಟಿಪ್ಪಣಿ ಇರಲಿ, ಓದುಗರಿಗೆ ನೂಲು ಕೈತಪ್ಪಬಾರದು.

ಏಳನೆಯ ಹೆಜ್ಜೆ: ವಾಕ್ಯವನ್ನು ಎಲ್ಲಿ ನಿಲ್ಲಿಸುವುದು

ಪದ ಆರಿಸಿದ್ದಾಯಿತು ಎಂದು ಏಳಬೇಡಿ. ಅಂಚಿನಲ್ಲಿ ಬರೆದಿಟ್ಟ ರೂಪಗಳ ಲೆಕ್ಕ ಈಗ ಬೇಕು.

ಕನ್ನಡ ಗದ್ಯದ ಸಹಜ ನಡಿಗೆ ‘ಕಂಡು, ಮರುಗಿ, ಓಡಿ, ಅಪ್ಪಿಕೊಂಡು, ಮುದ್ದಿಟ್ಟನು’ ಎಂಬ ಸರಪಣಿ. ಸೊಗಸಾದ ಸರಪಣಿಯೇ, ಆದರೆ ಅದರಲ್ಲಿ ಭಾರವೆಲ್ಲ ಕೊನೆಯ ಕೊಂಡಿಯ ಮೇಲೆ ಬೀಳುತ್ತದೆ. ನಡುವಿನ ‘ಮರುಗಿ’ ದಾರಿಯಲ್ಲಿ ಸಿಕ್ಕಿ ಹಾದುಹೋದ ಊರಿನಂತಾಗುತ್ತದೆ. ಲೂಕ 15:20ರ ಗ್ರೀಕ್ ಹಾಗಿಲ್ಲ. ‘ತಂದೆ ಅವನನ್ನು ಕಂಡನು, ಮತ್ತು ಎಸ್ಪ್ಲಂಖ್ನಿಸ್ಥೇ, ಮತ್ತು ಓಡಿ ಅವನ ಕೊರಳ ಮೇಲೆ ಬಿದ್ದನು, ಮತ್ತು ಮುದ್ದಿಟ್ಟನು’. ನಮ್ಮ ಕ್ರಿಯಾಪದ ಪೂರ್ಣಕ್ರಿಯೆ, ಸ್ವಂತ ಕಾಲ ಮೇಲೆ ನಿಂತಿದೆ. ಕೃದಂತವಾಗಿರುವುದು ‘ಓಡಿ’ ಒಂದೇ. ಆದ್ದರಿಂದ ನಾನು ಹೀಗೆ ಬರೆಯುತ್ತೇನೆ: ‘ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನು. ತಂದೆಯ ಕರುಳು ಮಿಡಿಯಿತು. ಓಡಿ ಹೋಗಿ ಅವನ ಕೊರಳನ್ನು ತಬ್ಬಿಕೊಂಡು ಮುದ್ದಿಟ್ಟನು.’

ಲೂಕ 10ರಲ್ಲಿ ಇದು ಇನ್ನೂ ಮುಖ್ಯ. ಯಾಜಕನ ವಾಕ್ಯ ‘ನೋಡಿ ಆಚೆ ಬದಿಯಿಂದ ದಾಟಿ ಹೋದನು’. ಲೇವಿಯನದೂ ‘ನೋಡಿ ಆಚೆ ಬದಿಯಿಂದ ದಾಟಿ ಹೋದನು’. ಮೂರನೆಯವನದು ‘ನೋಡಿ’ ಎಂದೇ ಆರಂಭವಾಗಿ ‘ಎಸ್ಪ್ಲಂಖ್ನಿಸ್ಥೇ’ ಎಂದು ನಿಲ್ಲುತ್ತದೆ. ಮೂವರೂ ನೋಡಿದರು. ಹಾದಿ ಕವಲೊಡೆಯುವುದು ನೋಡಿದ ಮೇಲಿನ ಕ್ರಿಯಾಪದದಲ್ಲಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಈ ಲಯ ನಮಗೆ ಪುಕ್ಕಟೆ ಸಿಗುತ್ತದೆ. ‘ನೋಡಿದನು, ಅವನ ಕರುಳು ಮಿಡಿಯಿತು’ ಎಂದು ಅಲ್ಲಿ ಪೂರ್ಣವಿರಾಮ ಹಾಕುವ ಧೈರ್ಯ ಮಾಡಿದರೆ ಸಾಕು. ಎಣ್ಣೆ, ದ್ರಾಕ್ಷಾರಸ, ಕತ್ತೆ, ಛತ್ರ ಎಲ್ಲ ಮುಂದಿನ ವಾಕ್ಯಕ್ಕೆ ಸೇರಲಿ.

ಮತ್ತಾಯ 18:27, 20:34, ಮಾರ್ಕ 1:41 ಇವುಗಳಲ್ಲಿ ಗ್ರೀಕ್ ತಾನೇ ಕೃದಂತ ಬಳಸಿದೆ. ಅಲ್ಲಿ ಸರಪಣಿ ಸರಿ: ‘ಯೇಸು ಕರುಳು ಮಿಡಿದು ಅವರ ಕಣ್ಣುಗಳನ್ನು ಮುಟ್ಟಿದನು’.

ಒಂದು ತೊಡಕು ಉಳಿದಿದೆ. ‘ಆತನ ಕರುಳು ಮಿಡಿಯಿತು’ ಎಂದಾಗ ಕರ್ತೃ ಕರುಳಾಗುತ್ತದೆ, ಕ್ರಿಯಾಪದ ನಪುಂಸಕಲಿಂಗಕ್ಕೆ ತಿರುಗುತ್ತದೆ. ಮುಂದಿನ ವಾಕ್ಯದಲ್ಲಿ ‘ಆತನು’ ಎಂದು ಕರ್ತೃವನ್ನು ಮತ್ತೆ ಕರೆದು ತರಬೇಕು. ಯೇಸುವಿನ ಸ್ವಂತ ಮಾತಾದ ಮತ್ತಾಯ 15:32, ಮಾರ್ಕ 8:2ರಲ್ಲಿ ‘ನನ್ನ ಕರುಳು ಮಿಡಿಯುತ್ತಿದೆ’ ಎಂದರೆ ತನ್ನ ಭಾವನೆಯನ್ನು ತಾನೇ ಸಾರಿಕೊಂಡಂತೆ ಕೇಳುತ್ತದೆ. ‘ಈ ಜನರನ್ನು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ, ಮೂರು ದಿನದಿಂದ ನನ್ನ ಬಳಿಯಲ್ಲಿಯೇ ಇದ್ದಾರೆ’ ಎಂದರೆ ಮನೆಯ ಹಿರಿಯರೊಬ್ಬರು ಆಡಿದಂತಿದೆ. ‘ನೋಡಿದರೆ’ ಎಂಬುದು ಈ ಎರಡು ವಚನಗಳಲ್ಲಿಲ್ಲ, ನಿಜ. ಕನ್ನಡದ ನುಡಿಗಟ್ಟು ಅದನ್ನು ಕೇಳುತ್ತದೆ. ಅಕ್ಷರಕ್ಕೆ ಅಂಟಿಕೊಳ್ಳಬೇಕೆನ್ನುವವರು ‘ಈ ಜನರಿಗಾಗಿ’ ಎಂದು ಬರೆಯಬಹುದು.

ಮುಂದಿನ ಅಭ್ಯಾಸ

ಕ್ರಿಯಾಪದ ಮುಗಿದ ಮೇಲೆ ನಾಮಪದವನ್ನು ಹಿಡಿಯಿರಿ. ಅದರ ಅಂಕೆ 4698, ಹೊಸ ಒಡಂಬಡಿಕೆಯಲ್ಲಿ 11 ಕಡೆ ಇದೆ. ಫಿಲೆಮೋನನಿಗೆ ಬರೆದ 25 ವಚನಗಳ ಪುಟ್ಟ ಪತ್ರದಲ್ಲಿಯೇ ಅದು ಮೂರು ಸಲ ಬರುತ್ತದೆ. ಆ ಪತ್ರದಿಂದ ಶುರುಮಾಡುವುದು ಒಳ್ಳೆಯದು. ವಚನ 7ರಲ್ಲಿ ಪೌಲನು, ದೇವಜನರ ಸ್ಪ್ಲಂಖ್ನ ನಿನ್ನಿಂದ ತಣಿದಿದೆ ಎನ್ನುತ್ತಾನೆ. 12ರಲ್ಲಿ, ಓಡಿಹೋಗಿದ್ದ ದಾಸ ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತಾ, ಇವನು ನನ್ನ ಸ್ಪ್ಲಂಖ್ನವೇ ಎನ್ನುತ್ತಾನೆ. 20ರಲ್ಲಿ, ನನ್ನ ಸ್ಪ್ಲಂಖ್ನವನ್ನು ತಣಿಸು ಎಂದು ಕೇಳುತ್ತಾನೆ. ಇಡೀ ವಾದ ನಿಂತಿರುವುದು ಆ ಮೂರು ಜಾಗಗಳಲ್ಲಿ ಒಂದೇ ಪದ ಇರುವುದರ ಮೇಲೆ: ಎಲ್ಲರ ಒಡಲನ್ನು ತಣಿಸುವವನೇ, ನನ್ನ ಒಡಲೇ ಆದ ಇವನನ್ನು ಸ್ವೀಕರಿಸಿ ನನ್ನ ಒಡಲನ್ನೂ ತಣಿಸು. ಒಂದು ಕಡೆ ಹೃದಯ, ಒಂದು ಕಡೆ ಪ್ರಾಣ, ಒಂದು ಕಡೆ ಮನಸ್ಸು ಎಂದು ಬೇರೆಬೇರೆ ಬರೆದರೆ ಕೊಂಡಿ ಕಳಚುತ್ತದೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ಭಾಷೆ ನಮ್ಮದು. ಮೂರಕ್ಕೂ ಹೊಂದುವ ಒಂದೇ ಮಾತನ್ನು ಹುಡುಕಲು ಅಲ್ಲಿಂದ ಹೊರಡಿ, ಮತ್ತೆ ಹಾಳೆಯಲ್ಲಿ ಗೆರೆ ಹಾಕಿ, 11 ಕಡೆಗಳಲ್ಲೂ ಇಟ್ಟು ಓದಿ ನೋಡಿ. ಅಪೊಸ್ತಲರ ಕೃತ್ಯಗಳು 1:18 ಮಾತ್ರ ಹೊರತು. ಅಲ್ಲಿ ‘ಕರುಳುಗಳು’ ಎಂದು ನೇರವಾಗಿ ಬರೆದರೆ ಸರಿ.